ಹಗ್ಗ ಹಿಡಿದವನು ಕಂಡ ನಾಲ್ಕು ಹೆಜ್ಜೆ

"ಪ್ರೀತಿಯಿದ್ದವರು ನೋಡದೆ ಇರಬಲ್ಲರೆ, ಗುರುಗಳೇ?"

ಶಿಷ್ಯನು ನಾಟ್ಯಶಾಲೆಯ ಬಾಗಿಲಲ್ಲೇ ನಿಂತು ಹೀಗೆ ಕೇಳಿದನು. ಆಟ ಮುಗಿದ ಮರುದಿನದ ಬೆಳಗು ಅದು. ಗುರುಗಳು ಜಗಲಿಯಲ್ಲಿ ಒಬ್ಬರೇ ಕುಳಿತು ರಂಗದ ತೆರೆಯನ್ನು ಮಡಿಸುತ್ತಿದ್ದರು. ಆಟದುದ್ದಕ್ಕೂ ಪ್ರತಿಯೊಂದು ಪಾತ್ರವೂ ಸಭೆಗೆ ಕಾಣಿಸಿಕೊಳ್ಳುವ ಮೊದಲು ಇಬ್ಬರು ಸಭೆಯತ್ತ ಮುಖಮಾಡಿ ಈ ತೆರೆಯನ್ನು ಎತ್ತಿ ಹಿಡಿಯುತ್ತಾರೆ. ಪಾತ್ರವು ಅವರ ಬೆನ್ನ ಹಿಂದೆ ಕುಣಿಯುತ್ತದೆ. ಬಹಳ ಭಾರದ ಬಟ್ಟೆ. ಮಡಿಸುವುದಕ್ಕೂ ಇಬ್ಬರು ಬೇಕು. ಆ ದಿನ ಗುರುಗಳ ಎಡಗೈ ಏಕೋ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.

"ಯಾರು ಯಾರನ್ನು ನೋಡಲಿಲ್ಲ, ಮಗು?" ಎಂದು ಅವರು ಕೇಳಿದರು.

"ನಿನ್ನೆ ನನ್ನ ಮೊದಲ ಪ್ರವೇಶ. ಹನ್ನೆರಡು ವರ್ಷ ನಿಮ್ಮಲ್ಲಿ ಕಲಿತದ್ದನ್ನು ಮೊದಲ ಸಲ ಸಭೆಗೆ ಒಪ್ಪಿಸಿದೆ. ತೆರೆ ಹಿಡಿಯುವ ಒಬ್ಬನಿಗೆ ಜ್ವರವೆಂದು ಕೇಳಿ ಎದೆ ಕುಸಿದಿತ್ತು. ಹೇಗೋ ಯಾರೋ ಒಬ್ಬರು ಬಂದು ಹಿಡಿದರು; ಯಾರೆಂದು ನೋಡುವ ಎಚ್ಚರವೂ ನನಗಿರಲಿಲ್ಲ. ತೆರೆಯ ಕೆಳಗೆ ಕಾಣುತ್ತಿದ್ದ ನನ್ನ ಪಾದಗಳನ್ನಷ್ಟೇ ನೋಡಿ ಸಭೆ ಚಪ್ಪಾಳೆ ತಟ್ಟಿತು. ತೆರೆ ಸರಿದೊಡನೆ ನಾನು ಮೊದಲು ನೋಡಿದ್ದು ಸಭೆಯ ಮುಂದಿದ್ದ ನಿಮ್ಮ ಮಣೆಯನ್ನು. ಅದು ಖಾಲಿಯಿತ್ತು. ಆಟ ಮುಗಿಯುವವರೆಗೂ ಖಾಲಿಯೇ ಇತ್ತು."

ಗುರುಗಳು ತೆರೆಯ ಒಂದು ಮಡಿಕೆಯನ್ನು ಅಂಗೈಯಿಂದ ಸವರಿದರು.

"ಕುಳಿತುಕೊ. ಒಂದು ಕತೆ ಹೇಳುತ್ತೇನೆ. ಆಮೇಲೆ ಕೋಪ ಮಾಡುವೆಯಂತೆ."

*

ಆಟಕ್ಕೆಂದು ರಂಗ ಕಟ್ಟುವ ರೂಢಿ ಇನ್ನೂ ಬಂದಿರಲಿಲ್ಲ. ಬೀದಿಯೇ ರಂಗವಾಗಿತ್ತು, ಬಂದು ನಿಂತವರೇ ಸಭೆಯಾಗುತ್ತಿದ್ದರು. ವೇಷ ಹಾಕುವವರು, ಗೊಂಬೆ ಕುಣಿಸುವವರು, ಗಳೆಯೇರಿ ತಿರುಗುವವರು ಒಂದೇ ದಾರಿ ಹಿಡಿದು ಊರಿಂದೂರಿಗೆ ನಡೆಯುತ್ತಿದ್ದರು. ನಮ್ಮ ನಾಟ್ಯವೂ ಆ ದಾರಿಯ ಧೂಳಿನಿಂದಲೇ ಎದ್ದು ಬಂದದ್ದು.

ಆ ದಾರಿಯಲ್ಲಿ ಒಬ್ಬ ಅಣ್ಣನೂ ಒಬ್ಬಳು ತಂಗಿಯೂ ಇದ್ದರು. ತಂಗಿ ಹಗ್ಗದ ಮೇಲೆ ನಡೆಯುವವಳು. ಅಣ್ಣ ಹಗ್ಗ ಹಿಡಿಯುವವನು.

ಎರಡು ಕಡೆ ಬಿದಿರಿನ ಗಳೆಗಳನ್ನು ಕತ್ತರಿಯಂತೆ ಹೆಣೆದು ನಿಲ್ಲಿಸಿ, ಅವುಗಳ ಮೇಲೆ ಹಗ್ಗವನ್ನು ಹಾಯಿಸುತ್ತಿದ್ದರು. ಹಗ್ಗದ ಒಂದು ತುದಿಯನ್ನು ನೆಲದ ಗೂಟಕ್ಕೆ ಬಿಗಿಯುತ್ತಿದ್ದರು. ಇನ್ನೊಂದು ತುದಿಯನ್ನು ಗೂಟಕ್ಕೆ ಒಂದು ಸುತ್ತು ಮಾತ್ರ ಸುತ್ತಿ, ಅಣ್ಣನು ಭುಜದ ಮೇಲಿಂದ ಎಳೆದು ಎರಡು ಕೈಗಳಲ್ಲಿ ಹಿಡಿದು ಕುಳಿತುಕೊಳ್ಳುತ್ತಿದ್ದನು. ಕುಳಿತುಕೊಳ್ಳುವುದು ತಂಗಿಗೆ ಬೆನ್ನು ಹಾಕಿ.

ಅವರ ಕುಲದಲ್ಲಿ ಒಂದು ಕಟ್ಟಳೆಯಿತ್ತು. ಹಿಡಿಯುವವನು ನೋಡಬಾರದು. ಮೇಲಿರುವವಳು ವಾಲಿದ್ದನ್ನು ಕಣ್ಣು ಕಂಡರೆ ಕೈ ಹೆದರುತ್ತದೆ. ಹೆದರಿದ ಕೈ ಹಗ್ಗವನ್ನು ಜಗ್ಗುತ್ತದೆ. ಹಿಂದೆ ತಂದೆ ಮೇಲಿದ್ದಾಗ ಹಗ್ಗ ಹಿಡಿದಿದ್ದ ಅವರ ತಾಯಿ ಹಾಗೆ ಒಮ್ಮೆ ತಿರುಗಿ ನೋಡಿದ್ದಳು. ಅಂದಿನಿಂದ ಅವರ ತಂದೆ ಮತ್ತೆ ಹಗ್ಗವೇರಲಿಲ್ಲ.

ತಂಗಿ ಆರು ವರ್ಷದವಳಿದ್ದಾಗ ಮೊದಲ ಬಾರಿಗೆ ಹಗ್ಗದ ಮೇಲೆ ಪಾದವಿಟ್ಟಳು. ಅದಾಗಿ ಇಪ್ಪತ್ತು ವರ್ಷವಾಗಿತ್ತು. ಈಗ ಅವಳು ತಲೆಯ ಮೇಲೆ ಮೂರು ಕೊಡ ಹೊತ್ತು ನಡೆಯುತ್ತಿದ್ದಳು. ನಡುಹಗ್ಗದಲ್ಲಿ ಕುಳಿತು ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು. ಊರೂರಿನಲ್ಲಿ ಜನ ಅವಳನ್ನು ನೋಡಿ ಉಸಿರು ಬಿಗಿಹಿಡಿಯುತ್ತಿದ್ದರು. ಆಟ ಮುಗಿದು ಇಳಿದ ಮೇಲೆ ಪ್ರತಿಸಲವೂ ಅಣ್ಣನು ಪಕ್ಕದವರನ್ನು ಕೇಳುತ್ತಿದ್ದನು, "ಹೇಗಿತ್ತು?" ಅವರು ಹೇಳಿದ್ದನ್ನು ಬಾಯಿ ತೆರೆದು ಕೇಳಿಸಿಕೊಳ್ಳುತ್ತಿದ್ದನು. ಒಂದೊಂದು ಸಲ ಅದೇ ಆಟವನ್ನು ಮೂವರ ಬಾಯಿಂದ ಕೇಳಿ ತಿಳಿಯುತ್ತಿದ್ದನು.

ತಂಗಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

ಹೀಗಿರಲು ಒಬ್ಬ ಅರಸನು ಅವಳ ಆಟದ ಸುದ್ದಿ ಕೇಳಿ ಅರಮನೆಗೆ ಕರೆಸಿದನು. ಅಂಗಳದಲ್ಲಿ ಆಟವಾಗಬೇಕು, ಅದಕ್ಕೆ ಏನು ಬೇಕೋ ಕೇಳು ಎಂದನು. ಅಂಗಳದ ಎರಡು ತುದಿಗಳಲ್ಲಿ ಆನೆಗಳನ್ನು ಕಟ್ಟುವ ಕಲ್ಲುಕಂಬಗಳಿದ್ದವು. ತಂಗಿ ಅವುಗಳನ್ನು ನೋಡಿದಳು. ಅವಳಿಗೆ ಒಂದು ಯೋಚನೆ ಹೊಳೆಯಿತು.

"ಆ ಎರಡು ಕಂಬಗಳು ಬೇಕು, ಮಹಾಸ್ವಾಮಿ. ಮತ್ತೆ ಮುಂದಿನ ಸಾಲಿನಲ್ಲಿ ಒಂದು ಚಾಪೆ."

ಬಿಡಾರಕ್ಕೆ ಮರಳಿ ಅವಳು ಅಣ್ಣನಿಗೆ ಹೇಳಿದಳು, "ಅಣ್ಣಾ, ನಾಳೆ ನೀನು ಹಗ್ಗ ಹಿಡಿಯಬೇಕಾಗಿಲ್ಲ. ಚಾಪೆಯ ಮೇಲೆ ದೊಡ್ಡ ಮನುಷ್ಯನ ಹಾಗೆ ಕುಳಿತು ನೋಡು."

"ಹಿಡಿಯುವವರು ಯಾರು?"

"ಕಲ್ಲು. ಎರಡು ತುದಿಯನ್ನೂ ಕಲ್ಲುಕಂಬಕ್ಕೇ ಬಿಗಿಯುವುದು."

ಅಣ್ಣ ತಲೆ ಕೆರೆದುಕೊಂಡನು. "ಕಲ್ಲಿಗೆ ಏನೂ ತಿಳಿಯುವುದಿಲ್ಲವಲ್ಲೇ."

"ನಿನಗೆ ಬಹಳ ತಿಳಿಯುತ್ತದೆ! ಹೋದ ಸಂತೆಯಲ್ಲಿ ನೀನು ಸೀನಿದ್ದಕ್ಕೆ ನಾನು ಮೇಲೆ ಗೇಣುದ್ದ ಹಾರಿದೆ. ಕಲ್ಲು ಸೀನುವುದಿಲ್ಲ."

"ಜನ ಅದನ್ನೂ ಆಟವೆಂದುಕೊಂಡು ಚಪ್ಪಾಳೆ ತಟ್ಟಿದರಲ್ಲ. ಅದರಲ್ಲಿ ಅರ್ಧ ನನ್ನದು."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ತಂಗಿ ಮೆಲ್ಲಗೆ ಹೇಳಿದಳು, "ಕಂಡವರೆಲ್ಲ ನನ್ನನ್ನು ನೋಡಿದ್ದಾರೆ. ನೀನೊಬ್ಬನೇ ನೋಡಿಲ್ಲ. ಈ ಕಾಲು ಇನ್ನೆಷ್ಟು ವರ್ಷ ನನ್ನ ಮಾತು ಕೇಳೀತು? ಒಮ್ಮೆ ನೋಡಣ್ಣಾ."

ಅಣ್ಣನು ಬೇಡವೆನ್ನಬೇಕಾಗಿತ್ತು. ಹಗ್ಗದ ಗುಣ ಅವನಿಗೆ ತಿಳಿದಿತ್ತು. ಆದರೆ ನೋಡಬೇಕೆಂಬ ಆಸೆ ಅವನಿಗೂ ಇಪ್ಪತ್ತು ವರ್ಷದ್ದು. ಅವನು ಹೂಂ ಎಂದನು.

ಮರುದಿನ ಇಳಿಹೊತ್ತಿನಲ್ಲಿ ಅಂಗಳ ತುಂಬಿತು. ಕತ್ತರಿಗಳೆಗಳು ಎಂದಿನಂತೆ ನಿಂತವು; ಹಗ್ಗದ ಎರಡು ತುದಿಗಳೂ ಇಳಿದುಬಂದು ಕಲ್ಲುಕಂಬಗಳ ಬುಡಕ್ಕೆ ಬಿಗಿಯಾದವು. ಅಣ್ಣನನ್ನು ಚಾಪೆಯ ಮೇಲೆ ಕೂರಿಸಿದರು. ಅವನು ರೂಢಿಯಂತೆ ಹಗ್ಗಕ್ಕೆ ಬೆನ್ನು ಹಾಕಿ ಕುಳಿತನು. ಸುತ್ತಲಿನವರು ಗೊಳ್ಳೆಂದರು. ಪಕ್ಕದಲ್ಲಿದ್ದ ಒಬ್ಬ ಮುದುಕಿ ಅವನ ಎರಡು ಭುಜಗಳನ್ನೂ ಹಿಡಿದು ತಿರುಗಿಸಿ, "ಅಯ್ಯಾ, ಆಟ ಈ ಕಡೆ ಇದೆ" ಎಂದಳು.

ತಂಗಿ ಗಳೆಯೇರಿ ನಿಂತು ಇದನ್ನೆಲ್ಲ ನೋಡಿದಳು. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಉದ್ದನೆಯ ಕೋಲನ್ನು ಅಡ್ಡ ಹಿಡಿದು ಅವಳು ಹಗ್ಗದ ಮೇಲೆ ಮೊದಲ ಹೆಜ್ಜೆಯಿಟ್ಟಳು.

ಒಂದು. ಎರಡು. ಅಣ್ಣನ ಬಾಯಿ ತೆರೆದುಕೊಂಡಿತು. ಮೂರು. ಅವನ ಕೈಗಳು ತಾವಾಗಿ ಕೂಡಿಕೊಂಡವು. ನಾಲ್ಕು. ಸಾವಿರ ಮುಖಗಳ ನಡುವೆ ಅವಳಿಗೆ ಆ ಒಂದು ಮುಖವೇ ಕಾಣುತ್ತಿತ್ತು. ಬದುಕಿನಲ್ಲಿ ತನಗೆ ಇನ್ನೇನೂ ಬೇಕಾಗಿಲ್ಲ ಎಂದು ಅವಳಿಗೆ ಅನ್ನಿಸಿತು.

ಐದನೆಯ ಹೆಜ್ಜೆಗೆ ಹಗ್ಗ ಅದುರಿತು.

ಅವಳು ತಡೆದು ನಿಂತಳು. ಪ್ರತಿಯೊಂದು ಹೆಜ್ಜೆಯಿಂದಲೂ ಹಗ್ಗದಲ್ಲಿ ಒಂದು ನಡುಕ ಹುಟ್ಟುತ್ತದೆ. ಇಷ್ಟು ವರ್ಷ ಅದು ಹುಟ್ಟಿದಲ್ಲೇ ಆರಿಹೋಗುತ್ತಿತ್ತು. ಆರಿಹೋಗುವುದು ಹಗ್ಗದ ಸ್ವಭಾವವೆಂದು ಅವಳು ನಂಬಿದ್ದಳು. ಇಂದು ನಡುಕವು ಕಲ್ಲಿನವರೆಗೆ ಹೋಗಿ, ಕಲ್ಲು ಅದನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕಟ್ಟಿತ್ತು. ಐದು ಹೆಜ್ಜೆಗಳ ನಡುಕ ಒಂದರ ಮೇಲೊಂದು ಬಂದು ಅವಳ ಪಾದವನ್ನು ಹೊಡೆಯಿತು. ಮುಂದೆ ಹೋಗಲು ಹೆಜ್ಜೆಯಿಟ್ಟರೆ ಅದು ಇನ್ನಷ್ಟು ಏಳುವುದು. ಹಗ್ಗದ ಮೇಲೆ ಹಿಂದಿರುಗುವ ದಾರಿಯಿಲ್ಲ. ಕೆಳಗೆ ಹಾಸುಗಲ್ಲಿನ ನೆಲವಿತ್ತು.

ಅವಳು ಅಣ್ಣನ ಮುಖವನ್ನು ಹುಡುಕಿದಳು. ಚಾಪೆ ಖಾಲಿಯಿತ್ತು.

ಕ್ಷಣಮಾತ್ರ ಅವಳ ಮನಸ್ಸು ಕಹಿಯಾಯಿತು. ಒಮ್ಮೆ ನೋಡೆಂದರೆ ಅಷ್ಟೂ ಆಗಲಿಲ್ಲವೆ? ಹೆದರಿ ಎದ್ದುಹೋದನೆ? ಕೆಳಗೆ ಜನ ನಗುತ್ತಿದ್ದರು. ಯಾರೋ ಕಾವಲುಗಾರನು, "ಏಯ್, ಕೂತ್ಕೊಳ್ಳೋ!" ಎಂದು ಗದರಿಸುತ್ತಿದ್ದನು.

ಆಗ ಪಾದದ ಕೆಳಗೆ ಹಗ್ಗ ಮೆತ್ತಗಾಯಿತು. ಅಳುವ ಮಗುವಿನ ಬೆನ್ನ ಮೇಲೆ ಯಾರೋ ಕೈಯಿಟ್ಟಂತೆ ನಡುಕ ಇಳಿಯಿತು, ಇಳಿದು ನಿಂತಿತು. ಅವಳು ಕಣ್ಣೆತ್ತಿ ಹಗ್ಗದ ಕೊನೆಯನ್ನು ನೋಡಿದಳು. ಅಲ್ಲಿ, ಕತ್ತರಿಗಳೆಯ ಆಚೆ, ಕಂಬದ ಬುಡದಲ್ಲಿ ಒಬ್ಬನು ಹಗ್ಗವನ್ನು ಭುಜಕ್ಕೆ ಕೊಟ್ಟು, ಎರಡು ಕೈಗಳಿಂದ ಜಗ್ಗಿ ಹಿಡಿದು ಕುಳಿತಿದ್ದನು. ಅವನು ಅವಳಿಗೆ ಬೆನ್ನು ಹಾಕಿದ್ದನು.

ಆ ಬೆನ್ನನ್ನು ಅವಳು ಇಪ್ಪತ್ತು ವರ್ಷದಿಂದ ಕಂಡಿದ್ದಳು. ನೋಡಿದ್ದು ಅಂದೇ ಮೊದಲು. ಬಲಭುಜದ ಮೇಲೆ ಹಗ್ಗ ಉಜ್ಜಿ ಉಜ್ಜಿ ಚರ್ಮವು ಎತ್ತಿನ ಹೆಗಲಿನಂತೆ ಕಪ್ಪಾಗಿ ದಪ್ಪಗಟ್ಟಿತ್ತು. ಅವಳು ಒಂದು ಹೆಜ್ಜೆಯಿಟ್ಟಳು. ಆ ಭುಜವು ಕೂದಲೆಳೆಯಷ್ಟು ತಗ್ಗಿತು. ಇನ್ನೊಂದು ಹೆಜ್ಜೆಯಿಟ್ಟಳು. ಭುಜ ಮತ್ತೆ ತಗ್ಗಿ ಎದ್ದಿತು. ಅವಳ ಒಂದೊಂದು ಹೆಜ್ಜೆಯ ನಡುಕವೂ ಎಲ್ಲಿಗೆ ಹೋಗಿ ಆರುತ್ತಿತ್ತು ಎಂಬುದು ಅವಳಿಗೆ ಆಗ ತಿಳಿಯಿತು. ಉಳಿದ ಹಗ್ಗವನ್ನು ಅವಳು ಆ ಬೆನ್ನನ್ನೇ ನೋಡುತ್ತ ನಡೆದಳು. ಅಷ್ಟು ಹಗುರವಾಗಿ ಅವಳು ಹಿಂದೆಂದೂ ನಡೆದಿರಲಿಲ್ಲ.

ಅಂಗಳದಲ್ಲಿ ಜಯಘೋಷ ಎದ್ದಿತು. ಅರಸನು ಅಣ್ಣನನ್ನು ಕರೆದು ಕೇಳಿದನು, "ನೀನು ನೋಡಲೆಂದೇ ಅಲ್ಲವೆ ಇವಳು ಕಂಬಗಳನ್ನು ಕೇಳಿದ್ದು? ಎಲ್ಲರೂ ನೋಡಿದರು. ನೀನೇ ನೋಡದೆ ಹೋದೆಯಲ್ಲ."

"ನಾಲ್ಕು ಹೆಜ್ಜೆ ನೋಡಿದೆ, ಮಹಾಸ್ವಾಮಿ. ಹೊಟ್ಟೆ ತುಂಬಿತು."

"ಉಳಿದದ್ದು?"

ಅಣ್ಣನು ಬಲಭುಜವನ್ನು ಮುಟ್ಟಿಕೊಂಡು ನಾಚಿ ನಕ್ಕನು. "ಉಳಿದದ್ದೆಲ್ಲ ಇದರ ಮೇಲೆಯೇ ನಡೆಯುತ್ತದೆ. ಇವಳು ಆರು ವರ್ಷದವಳಾಗಿದ್ದಾಗಿನಿಂದ ಒಂದು ಹೆಜ್ಜೆಯೂ ನನಗೆ ತಪ್ಪಿಹೋಗಿಲ್ಲ."

ಅರಸನು ತಂಗಿಗೆ ಒಂದು ರೇಷ್ಮೆಯ ಶಾಲನ್ನು ಕೊಟ್ಟನು. ಅವಳು ಅದನ್ನು ಎರಡು ಕೈಗಳಲ್ಲಿ ತೆಗೆದುಕೊಂಡು, ಅರಸನಿಗೆ ಕೈಮುಗಿದು, ಅಣ್ಣನ ಹಿಂದಕ್ಕೆ ಹೋಗಿ ನಿಂತಳು. ಶಾಲನ್ನು ಅವನ ಬೆನ್ನ ಮೇಲೆ ಹೊದಿಸಿದಳು. ಹೊದಿಸಿ, ಆ ಬೆನ್ನಿಗೆ ಹಣೆಯಿಟ್ಟಳು. ಅಣ್ಣನು ತಿರುಗಲಿಲ್ಲ, ತಿರುಗುವ ರೂಢಿ ಅವನಿಗಿರಲಿಲ್ಲ. ಅವನ ಭುಜ ಮಾತ್ರ ಕೂದಲೆಳೆಯಷ್ಟು ತಗ್ಗಿತು.

ಆ ದಿನದಿಂದ ಅವರ ಕುಲದಲ್ಲಿ ಹೊಸದೊಂದು ಪದ್ಧತಿ ಬಂತು. ಹಗ್ಗವೇರುವವರು ಏರುವ ಮೊದಲು ದಿಕ್ಕುಗಳಿಗೂ ಸಭೆಗೂ ನಮಸ್ಕರಿಸುತ್ತಿದ್ದರಷ್ಟೆ. ಈಗ ಅವೆರಡಕ್ಕೂ ಮೊದಲು ಹಗ್ಗ ಹಿಡಿದವನ ಬೆನ್ನಿಗೆ ನಮಸ್ಕರಿಸತೊಡಗಿದರು.

*

ಗುರುಗಳು ಕತೆ ಮುಗಿಸಿದರು. ಜಗಲಿಯ ಮೇಲೆ ಬಿಸಿಲು ಒಂದು ಮೊಳ ಸರಿದಿತ್ತು. ತೆರೆ ಇನ್ನೂ ಅರ್ಧ ಮಡಿಸಿದಂತೆಯೇ ಅವರ ತೊಡೆಯ ಮೇಲಿತ್ತು.

ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಆದರೆ ಅವನ ಮನಸ್ಸಿನ ಗಂಟು ಪೂರ್ತಿ ಬಿಚ್ಚಿರಲಿಲ್ಲ.

"ಕತೆ ತಿಳಿಯಿತು, ಗುರುಗಳೇ. ಆ ಅಣ್ಣ ಚಾಪೆ ಬಿಟ್ಟು ಎದ್ದದ್ದು ಹಗ್ಗ ಹಿಡಿಯುವುದಕ್ಕೆ. ನೀವು ಮಣೆ ಬಿಟ್ಟು ಎಲ್ಲಿಗೆ ಹೋಗಿದ್ದಿರಿ?"

ಗುರುಗಳು ನೋಯುವ ಎಡಗೈಯನ್ನು ಬಲಗೈಯಿಂದ ಮೆಲ್ಲಗೆ ಒತ್ತಿಕೊಂಡು ಹೇಳಿದರು, "ತೆರೆಯ ಎಡದ ತುದಿ ಆಟ ಮುಗಿಯುವವರೆಗೂ ನನ್ನ ಕೈಯಲ್ಲಿತ್ತು, ಮಗು. ನಿನ್ನ ಹೆಜ್ಜೆಗಳು ಬಹಳ ಚೆನ್ನಾಗಿದ್ದವಂತೆ."

ಶಿಷ್ಯನು ಎದ್ದನು. ಬಾಗಿಲಿನಿಂದ ಬಂದು, ನೆಲದ ಮೇಲೆ ಬಿದ್ದಿದ್ದ ತೆರೆಯ ಇನ್ನೊಂದು ತುದಿಯನ್ನು ಎತ್ತಿ ಹಿಡಿದನು.