ಪಂಪಕ್ಕನ ಚಿತ್ರಗಳಲ್ಲಿ ಗೆರೆ

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ತಿಪ್ಪೇಶನೆಂಬ ಶಿಷ್ಯನಿದ್ದ. ಅವನು ಬಂದು ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಗುರುಗಳು ಅವನನ್ನು ಒಮ್ಮೆಯೂ ಹೊಗಳಿರಲಿಲ್ಲ.

ಸನ್ಯಾಸಕ್ಕೆ ಮೊದಲು ಗುರುಗಳು ಫೋಟೋ ತೆಗೆಯುತ್ತಿದ್ದವರು. ಹಿರೇಮಡು ಎಂಬ ಊರು ಅಣೆಕಟ್ಟಿನ ನೀರಿಗೆ ಮುಳುಗುವ ಮುಂಚೆ ಅಲ್ಲಿಯ ಮನೆಮನೆಗೂ ಹೋಗಿ ಎಲ್ಲರ ಚಿತ್ರ ತೆಗೆದಿದ್ದರು. ಆ ನೆಗೆಟಿವ್‌ಗಳು ಈಗ ಮುರುಟಿ, ಹುಳಿ ವಾಸನೆ ಹೊಡೆಯುತ್ತಿದ್ದವು. ಪೂರ್ತಿ ಹಾಳಾಗುವ ಮೊದಲು ಅವನ್ನು ಸ್ಕ್ಯಾನ್ ಮಾಡಿ ಉಳಿಸುವುದು ತಿಪ್ಪೇಶನ ಸೇವೆ.

ಮೂರು ತಿಂಗಳ ಹಿಂದೆ ಪಂಪಕ್ಕ ಬಂದಳು. ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು. ನೆಗೆಟಿವ್‌ನ ಯಾವ ಮಗ್ಗುಲು ಮೇಲೆ, ಯಾವುದು ಕೆಳಗೆ ಎಂದು ಅವಳಿಗೆ ಕಲಿಸಿದವನೇ ತಿಪ್ಪೇಶ. ಬೆಳಗ್ಗೆ ಸ್ಕ್ಯಾನರ್ ಅವನಿಗೆ, ಮಧ್ಯಾಹ್ನ ಅವಳಿಗೆ.

ಒಂದು ದಿನ ಗುರುಗಳು ಇಬ್ಬರ ಕೆಲಸವನ್ನೂ ನೋಡಿದರು. ತಿಪ್ಪೇಶನ ಚಿತ್ರಗಳ ತುಂಬ ಕಾಮನಬಿಲ್ಲಿನಂಥ ಉಂಗುರಗಳು. ಪಂಪಕ್ಕನವು ತಿಳಿಯಾಗಿದ್ದವು.

“ಫಿಲಂ ಹಳೇದು, ಗುರುಗಳೇ” ಎಂದ ತಿಪ್ಪೇಶ.

“ಅವಳದೂ ಅದೇ ಡಬ್ಬಿಯದು.”

“ಮುರುಟಿದ ಫಿಲಂ ಗಾಜಿಗೆ ತಾಗಿದರೆ ಉಂಗುರ ಏಳುತ್ತೆ” ಎಂದಳು ಪಂಪಕ್ಕ ಮೆಲ್ಲಗೆ. “ನಾನು ಒಂದು ವಾರ ದಪ್ಪ ಪುಸ್ತಕದ ಕೆಳಗಿಟ್ಟು ಚಪ್ಪಟೆ ಮಾಡ್ಕೋತೀನಿ.”

ಗುರುಗಳು ತಲೆದೂಗಿದರು. “ಭೇಷ್.”

ಒಂದೇ ಮಾತು. ಅಂದು ತಿಪ್ಪೇಶನಿಗೆ ಊಟ ಸೇರಲಿಲ್ಲ. ಆ ಒಂದು ಮಾತಿಗಾಗಿ ಅವನು ಆರು ವರ್ಷ ನೀರು ಸೇದಿದ್ದ, ಅಂಗಳ ಗುಡಿಸಿದ್ದ, ಗುರುಗಳ ಕಾಲು ಒತ್ತಿದ್ದ.

ಮರುದಿನ ತನ್ನ ಕೆಲಸ ಮುಗಿದ ಮೇಲೆ ಅವನು ಬೆರಳಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಂಡು ಗಾಜಿನ ಮೇಲಂಚಿಗೆ ಸವರಿದ. ಸ್ಕ್ಯಾನರ್ ಶುರುವಾಗುವಾಗ ತನ್ನ ಬೆಳಕನ್ನು ಸರಿ ನೋಡಿಕೊಳ್ಳುವ ಜಾಗ ಅದು. ಅಲ್ಲಿ ಚುಕ್ಕೆಯಷ್ಟು ಕೊಳೆ ಇದ್ದರೂ ಚಿತ್ರದ ಉದ್ದಕ್ಕೂ ಗೆರೆ ಬೀಳುತ್ತದೆ. ಪಂಪಕ್ಕನಿಗೆ ಇದೊಂದನ್ನು ಅವನು ಹೇಳಿಕೊಟ್ಟಿರಲಿಲ್ಲ.

“ತಿಪ್ಪೇಶ, ಏನಪ್ಪಾ ಇದು ಗೆರೆ?” ಎಂದು ಅವಳು ಸಂಜೆ ಕೇಳಿದಳು. “ಗಾಜಿನದಾ?”

“ಗಾಜಿನದಾದರೆ ನನಗೂ ಬರಬೇಕಿತ್ತಲ್ಲ, ಅಕ್ಕಾ. ಫಿಲಂನಲ್ಲೇ ಇರಬೇಕು. ಚೆನ್ನಾಗಿ ಒರೆಸಿ ನೋಡಿ.”

ದಿನಾ ಬೆಳಗ್ಗೆ ಅವನು ಎಣ್ಣೆ ಒರೆಸುತ್ತಿದ್ದ. ದಿನಾ ಮಧ್ಯಾಹ್ನ ಮತ್ತೆ ಹಚ್ಚುತ್ತಿದ್ದ.

ಮೂರನೆಯ ದಿನ ಗುರುಗಳು ಕೇಳಿದರು. “ಪಂಪಮ್ಮನ ಚಿತ್ರದಲ್ಲಿ ಆ ಗೆರೆ ಎಲ್ಲಿಂದ ಬರ್ತಿದೆ, ತಿಪ್ಪೇಶ?”

“ಗೊತ್ತಿಲ್ಲ, ಗುರುಗಳೇ.”

“ಗೊತ್ತಾದಾಗ ಹೇಳು.”

ಅದೇ ದಿನ ದೋಣಿ ನಡೆಸುವ ಈರಣ್ಣ ಬಂದ. ಹಿರೇಮಡುವಿನವನು. ಮೂರು ವರ್ಷದವನಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು. “ನಮ್ಮವ್ವನ ಫೋಟೋ ಸಿಕ್ಕಿತಂತಲ್ಲ, ಅಕ್ಕಾ? ಅವಳ ಮುಖ ಹೇಗಿತ್ತು ಅಂತ ನನಗೆ ನೆನಪೇ ಇಲ್ಲ.”

“ಸಿಕ್ಕಿದೆಯಪ್ಪ. ಒಂದು ಗೆರೆ ಬರ್ತಿದೆ. ಅದನ್ನ ತೆಗೆದು ಕೊಡ್ತೀನಿ, ನಾಳೆ ಬಾ” ಎಂದಳು ಪಂಪಕ್ಕ.

ಮರುದಿನ ಮಧ್ಯಾಹ್ನ ಅವಳ ಕೂಗು ಕೇಳಿ ತಿಪ್ಪೇಶ ಓಡಿದ. ಒಣಬಟ್ಟೆಗೆ ಗೆರೆ ಹೋಗದ್ದಕ್ಕೆ ಅವಳು ಒದ್ದೆಬಟ್ಟೆಯಲ್ಲಿ ಒರೆಸಿದ್ದಳು. ಹಳೇ ಫಿಲಂನ ಪದರ ಕಿತ್ತು ಬಟ್ಟೆಗೆ ಅಂಟಿತ್ತು. ಈರಣ್ಣನ ತಾಯಿಯ ಮುಖ ಇದ್ದ ಕಡೆ ಬರಿಯ ಬಿಳಿ. ಗೆರೆ ಬಿದ್ದ ಸ್ಕ್ಯಾನನ್ನು ಅವಳು ಆಗಲೇ ಅಳಿಸಿಹಾಕಿದ್ದಳು.

ಗುರುಗಳೂ ಬಂದರು.

“ನನ್ನ ಕೈಯಾರೆ ಹಾಳು ಮಾಡಿದೆ, ಗುರುಗಳೇ” ಎಂದು ಪಂಪಕ್ಕ ಅತ್ತಳು. “ತಿಪ್ಪೇಶ ಪಾಪ ಎಷ್ಟು ಸಲ ಹೇಳಿಕೊಟ್ಟ. ನನಗೇ ಕೈ ಹಿಡಿತ ಸಾಲದು.”

ಅವಳು ಬೈದಿದ್ದರೆ ತಿಪ್ಪೇಶ ಬಾಯಿ ಬಿಡುತ್ತಿರಲಿಲ್ಲವೇನೋ.

“ಗೆರೆ ಫಿಲಂನಲ್ಲಿ ಇರಲಿಲ್ಲ” ಎಂದ. “ಗಾಜಿಗೆ ಎಣ್ಣೆ ಹಚ್ಚಿದವನು ನಾನು. ನಾಲ್ಕು ದಿನವೂ.”

ಪಂಪಕ್ಕ ಅಳು ನಿಲ್ಲಿಸಿ ಅವನನ್ನೇ ನೋಡಿದಳು.

ಗುರುಗಳು ಆ ನೆಗೆಟಿವ್ ಎತ್ತಿ ಅವನ ಕೈಗಿಟ್ಟರು. “ಸ್ಕ್ಯಾನ್ ಮಾಡು.”

“ಮುಖವೇ ಇಲ್ಲವಲ್ಲ, ಗುರುಗಳೇ.”

“ಮಾಡು.”

ತಿಪ್ಪೇಶ ಗಾಜು ಒರೆಸಿದ. ಅಂಚು ಒರೆಸಿದ. ಫಿಲಂ ಗಾಜಿಗೆ ತಾಗದಂತೆ ಚೌಕಟ್ಟಿಗೆ ಕೂರಿಸಿದ. ಅಷ್ಟು ಜೋಪಾನವಾಗಿ ಅವನು ಎಂದೂ ಕೆಲಸ ಮಾಡಿದವನಲ್ಲ.

ಚಿತ್ರ ಮೂಡಿತು. ಗೋಡೆಗೆ ಒರಗಿಸಿದ ದೋಣಿಯ ಹುಟ್ಟು. ಚೌಕಳಿ ಸೀರೆ. ಮಡಿಲಲ್ಲಿ ಮಗು. ಮಗುವನ್ನು ಬಳಸಿದ ಎರಡು ಕೈ, ಕೈ ತುಂಬ ಬಳೆ. ಸೆರಗಿನಿಂದ ಮೇಲೆ, ಮುಖ ಇರಬೇಕಾದ ಕಡೆ, ಏನೂ ಇಲ್ಲ.

ಹೊರಗೆ ಅಂಗಳದಲ್ಲಿ ಯಾರೋ ಕೆಮ್ಮಿದ ಸದ್ದಾಯಿತು.

ಗುರುಗಳು ಬಗ್ಗಿ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಿಪ್ಪೇಶನ ಬೆನ್ನ ಮೇಲೆ ಕೈಯಿಟ್ಟರು.

“ಭೇಷ್, ತಿಪ್ಪೇಶ. ಇಷ್ಟು ಚೊಕ್ಕವಾಗಿ ಪಂಪಮ್ಮನೂ ತೆಗೆದಿಲ್ಲ. ಈರಣ್ಣ ಬಂದು ಕೂತಿದ್ದಾನೆ, ಹೋಗು, ಇದನ್ನ ನಿನ್ನ ಕೈಯಿಂದಲೇ ಕೊಡು.”