ಕೆಂಚರಾಯನ ಎಲುಬಿನ ಕೋಣೆ

"ಕೇಳ್ರಪ್ಪೋ ಕೇಳಿ! ಕೆಂಚರಾಯ ದೊರೆಗಳ ಅಪ್ಪಣೆ! ಅರಮನೆಯ ಸಂಗ್ರಹಶಾಲೆಯಲ್ಲಿರೋ ರಾಕ್ಷಸನ ಎಲುಬಿನ ಬಗ್ಗೆ ಮೂರು ಒಗಟು! ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ, ಒಂದು ತಪ್ಪಿದರೂ ತಲೆ ಹೋಗುತ್ತೆ! ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ರೆ, ಎಲುಬು ಕದ್ದ ಕಸದ ತಿಪ್ಪವ್ವನಿಗೆ ಗಲ್ಲು!"

ಡಂಗುರದವನು ಕೂಗಿ ಮುಂದೆ ಹೋದ. ಸುಣ್ಣದ ಗೂಡಿನ ಮುಂದೆ ನಿಂತಿದ್ದ ಹುಲುಗನ ಕೈಯಿಂದ ಸಲಿಕೆ ಜಾರಿ ಬಿತ್ತು. ತಿಪ್ಪವ್ವ ಅವನ ಒಡಹುಟ್ಟಿದ ಅಕ್ಕ. ತಾಯಿ ಸತ್ತ ಮೇಲೆ ಅವನಿಗೆ ಅನ್ನ ಕಲಸಿ ಉಣಿಸಿದವಳು. ಇನ್ನೊಬ್ಬರ ಮನೆಯ ಒಣಮೆಣಸಿನಕಾಯಿ ಕೂಡ ಮುಟ್ಟದವಳು ಎಲುಬು ಕದಿಯುತ್ತಾಳೆಯೇ?

ಆ ಎಲುಬಿನ ಸಂಗತಿ ಹೇಳಿಬಿಡುತ್ತೇನೆ. ಕಡಲಿಗೂ ಕೆಂಚರಾಯನ ಸೀಮೆಗೂ ಇಪ್ಪತ್ತು ದಿನದ ದಾರಿ. ಅಲ್ಲಿನ ಬೋಳುಗುಡ್ಡ ಅಗೆಯುವಾಗ ದೊರೆಯ ಅಜ್ಜನಿಗೆ ಬಂಡೆಯೊಳಗೆ ಅದು ಸಿಕ್ಕಿತಂತೆ. 'ನಮ್ಮ ಮೂಲಪುರುಷ ಕೊಂದ ರಾಕ್ಷಸ ಇವನೇ' ಎಂದು ಸಾರಿದ. ದೊಡ್ಡವರು ಬಾಯಿಗೆ ಬಂದದ್ದು ಹೇಳಿದರೂ ಅದೇ ಶಾಸ್ತ್ರ! ಅಂದಿನಿಂದ ಪಟ್ಟಕ್ಕೆ ಬಂದವನು ಪ್ರತಿದಿನ ಬೆಳಗ್ಗೆ ತನ್ನ ಕೈಯಾರೆ ಒಂದು ಕೊಡ ನೀರು ಆ ಎಲುಬಿಗೆ ಹೊಯ್ಯಬೇಕು, ಗೆದ್ದವನು ಸೋತವನಿಗೆ ಕೊಡುವ ತರ್ಪಣ. ಈಚೆಗೆ ಎಲುಬು ದಿನದಿನಕ್ಕೆ ಸವೆಯತೊಡಗಿತು. ಆ ಕೋಣೆಯ ಕಸ ಗುಡಿಸುವ ತಿಪ್ಪವ್ವನ ಮೊರದಲ್ಲಿ ಬಿಳಿ ಪುಡಿ ಕಂಡಿತು. ಅಷ್ಟು ಸಾಕಾಯಿತು, ಎಳೆದು ಸೆರೆಗೆ ಹಾಕಿದರು.

ಹುಲುಗ ಅರಮನೆಗೆ ಬರುವಷ್ಟರಲ್ಲಿ ಆಸ್ಥಾನದ ಪಂಡಿತ ದೊರೆಯ ಮುಂದೆ ನಿಂತಿದ್ದ. ಎಲುಬಿನ ಸುತ್ತ ಸಭೆ ಸೇರಿತ್ತು.

"ಮೊದಲನೆಯದು," ಎಂದ ಕೆಂಚರಾಯ. "ಇವನ ಹಲ್ಲು ಮೇದು ಮೇದು ಸವೆದಿದೆ, ಹುಲ್ಲು ತಿಂದವನ ಹಲ್ಲು. ಹಿಂಗಾಲು ಮಾತ್ರ ಇಲ್ಲವೇ ಇಲ್ಲ. ಹಿಂಗಾಲಿಲ್ಲದವನು ಯಾವ ಹುಲ್ಲುಗಾವಲಲ್ಲಿ ಮೇದ?"

"ಹಿಂಗಾಲನ್ನು ತಮ್ಮ ಮೂಲಪುರುಷರು ಕತ್ತರಿಸಿದರು, ಮಹಾಸ್ವಾಮಿ!"

"ಕತ್ತರಿಸಿದ ಗುರುತೆಲ್ಲಿ? ಮುಖಸ್ತುತಿ ಬೇಡ, ಉತ್ತರ ಬೇಕಿತ್ತು. ಒಯ್ಯಿರಿ ಇವನನ್ನ."

ಒಯ್ದರು. ಆಮೇಲೆ ಅರ್ಧ ರಾಜ್ಯದ ಆಸೆಗೆ ಬಂದಿದ್ದ ನೆರೆಸೀಮೆಯ ರಾಜಕುಮಾರ ಮೀಸೆ ತಿರುವುತ್ತ ಎದ್ದ. "ಇದು ಆನೆ. ಹಿಂಗಾಲನ್ನು ನರಿಗಳು ಎಳೆದುಕೊಂಡು ಹೋಗಿವೆ."

"ಹಾಗಾದರೆ ಎರಡನೆಯದು. ಈ ಪಕ್ಕೆಲುಬು ಒಳಗೆಲ್ಲ ಗಟ್ಟಿ, ಕಲ್ಲಿನ ಭಾರ. ಇಷ್ಟು ಭಾರ ಯಾಕೆ ಹೊತ್ತ?"

"ಆನೆಯಲ್ಲವೇ, ಭಾರ ಇರಲೇಬೇಕು!"

ದೊರೆ ಸತ್ತ ಆನೆಯ ಪಕ್ಕೆಲುಬೊಂದನ್ನು ತರಿಸಿ ಕೊಯ್ಯಿಸಿದ. ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ರಾಜಕುಮಾರನ ಮೀಸೆ ಇಳಿಯಿತು, ಮರುಗಳಿಗೆಗೆ ತಲೆಯೂ ಇಳಿಯಿತು.

"ಇನ್ಯಾರು?"

"ನಾನು, ದೊರೆಗಳೇ. ಸುಣ್ಣದ ಹುಲುಗ."

ಸಭೆ ಗೊಳ್ಳೆಂದು ನಕ್ಕಿತು. "ಲೋ, ಮೈಗೆಲ್ಲ ಸುಣ್ಣ ಬಳಕೊಂಡು ಬಂದಿದೀಯ, ಹೆಣ ಹೂಳೋ ಖರ್ಚು ಉಳೀತು!" ಎಂದ ದೊರೆ.

ಹುಲುಗನ ಮೈ ಉರಿದುಹೋಯಿತು. ಅಕ್ಕನನ್ನು ನೆನೆದು ನುಂಗಿಕೊಂಡ. ಪಕ್ಕೆಲುಬನ್ನು ಎತ್ತಿ ನೋಡಿದ. ಬುಡಕ್ಕೆ ಅಂಟಿದ ಬಂಡೆಯ ಚೂರನ್ನು ಉಗುರಿನಿಂದ ಕೆರೆದ. ಅದರೊಳಗೆ ಕಪ್ಪೆಚಿಪ್ಪು!

"ಇದು ರಾಕ್ಷಸ ಅಲ್ಲ, ಕಡಲಹಸು. ಸುಣ್ಣ ಸುಡೋದಕ್ಕೆ ಚಿಪ್ಪು ತರೋಕೆ ವರ್ಷಕ್ಕೊಮ್ಮೆ ಕಡಲಿಗೆ ಹೋಗ್ತೀನಿ, ಅಲ್ಲಿ ದಡಕ್ಕೆ ಬಿದ್ದಿದ್ದ ಇಂಥದೇ ಎಲುಬು ಹೊತ್ತು ನೋಡಿದೀನಿ. ಕಡಲ ತಳದಲ್ಲೂ ಹುಲ್ಲು ಬೆಳೆಯುತ್ತೆ, ದೊರೆಗಳೇ. ಅದೇ ಇದರ ಗೋಮಾಳ. ಈಜೋದಕ್ಕೆ ಬಾಲ ಇದೆ, ಹಿಂಗಾಲು ಯಾಕೆ ಬೇಕು? ನಿಮ್ಮ ಬೋಳುಗುಡ್ಡವೇ ಒಂದು ಕಾಲಕ್ಕೆ ಕಡಲ ತಳ. ಈ ಚಿಪ್ಪೇ ಸಾಕ್ಷಿ."

ನಗು ನಿಂತಿತು. "ಭಾರ?"

"ಕೊಬ್ಬಿದ ಮೈ ನೀರಲ್ಲಿ ತೇಲುತ್ತೆ. ತೇಲಿದರೆ ತಳದ ಹುಲ್ಲು ಬಾಯಿಗೆ ಸಿಗುತ್ತಾ? ಮುಳುಗಿರೋದಕ್ಕೆ ಎಲುಬಿನ ಭಾರ."

ಕೆಂಚರಾಯ ಹಲ್ಲು ಕಡಿದ. ತಲೆಮಾರಿನಿಂದ ಮೆರೆದ ರಾಕ್ಷಸ ಹಸುವಾಗಿ ಹೋದ ಅವಮಾನ! "ಮೂರನೆಯದು ಹೇಳು. ಬೀಗ ಹಾಕಿದ ಈ ಕೋಣೆಯಿಂದ ದಿನಕ್ಕೊಂದು ಹಿಡಿ ಎಲುಬು ಕದಿಯೋ ಕಳ್ಳ ಯಾರು? ನಿನ್ನ ಅಕ್ಕ ಅಲ್ಲದಿದ್ರೆ ಇನ್ಯಾರು?"

ಹೇಳಿದರೆ ದೊರೆ ಬಿಡಲಿಕ್ಕಿಲ್ಲ, ಹೇಳದಿದ್ದರೆ ಅಕ್ಕ ಉಳಿಯುವುದಿಲ್ಲ. ಹುಲುಗ ನೆಲದ ಬಿಳಿ ಪುಡಿಯನ್ನು ಚಿಟಿಕೆ ತೆಗೆದು ಚಾಚಿದ. "ನಾಲಿಗೆಗೆ ಹಚ್ಚಿ, ದೊರೆಗಳೇ."

ದೊರೆ ಹಚ್ಚಿಕೊಂಡ. ಮುಖ ಕಿವುಚಿದ. "ಉಪ್ಪು!"

"ಉಪ್ಪಿನ ಮರಳಲ್ಲಿ ಗಾರೆ ಮಾಡಿದ ಗೋಡೆ ನಾವು ನೋಡಿಲ್ವಾ? ನೆನೆದಾಗ ಉಪ್ಪು ಕರಗುತ್ತೆ, ಒಣಗಿದಾಗ ಹರಳುಗಟ್ಟಿ ಉಬ್ಬುತ್ತೆ, ಗಾರೆ ಸಿಡಿದು ಉದುರುತ್ತೆ. ಕಡಲ ಉಪ್ಪು ಹೀರಿದ ಈ ಎಲುಬಿಗೂ ಅದೇ ಗತಿ. ದಿನಾ ನೆನೆಸೋದು, ದಿನಾ ಒಣಗಿಸೋದು. ಅಕ್ಕ ಗುಡಿಸಿದ್ದು ಉದುರಿದ್ದನ್ನ. ಉದುರಿಸಿದವರು..." ಹುಲುಗ ತಲೆ ಎತ್ತಿದ. "ಕೊಡ ಎತ್ತಿದವರು. ಕಳ್ಳರು ನೀವೇ, ದೊರೆಗಳೇ."

ದೊರೆಯ ಕೈ ಕತ್ತಿಗೆ ಹೋಯಿತು. ಆದರೆ ಡಂಗುರ ಊರೂರಿಗೂ ಮುಟ್ಟಿತ್ತು, ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು, ನಾಲಿಗೆಯ ಮೇಲೆ ಉಪ್ಪು ಇನ್ನೂ ಇತ್ತು. ಕೈ ಹಿಂದಕ್ಕೆ ಬಂತು.

"ಏನು ಬೇಕೋ ಕೇಳಿ ತೊಲಗು."

"ಅಕ್ಕ ಬೇಕು. ಈ ಎಲುಬಿನ ಜವಾಬ್ದಾರಿಯೂ ಬೇಕು. ಇಲ್ಲಿ ಬಿಟ್ಟರೆ ನೀವು ಇನ್ನೆರಡು ವರ್ಷಕ್ಕೆ ಇದನ್ನ ಮುಗಿಸ್ತೀರ."

ಸೆರೆಯಿಂದ ಬಂದ ತಿಪ್ಪವ್ವ ಕೋಳದ ಗಾಯದ ಕೈಯಲ್ಲೇ ತಮ್ಮನ ತಲೆ ಸವರಿ, "ಹುಚ್ಚಪ್ಪ, ತಲೆ ಪಣಕ್ಕಿಟ್ಟು ಬಂದ್ಯಾ?" ಎಂದು ಬೈದು ಅತ್ತಳು. ಅಕ್ಕ ತಮ್ಮ ಸೇರಿ ಎಲುಬುಗಳನ್ನು ನೆರಳಿನ ಒಣಕೋಣೆಗೆ ಸಾಗಿಸಿದರು. ಹತ್ತಿಯ ಮೆತ್ತೆ ಹಾಸಿ ಮಲಗಿಸಿದರು. ಚಿಪ್ಪು ಕಚ್ಚಿದ ಬಂಡೆಯ ಚೂರನ್ನೂ ಎಸೆಯದೆ ಪಕ್ಕದಲ್ಲಿಟ್ಟರು. ಯಾವುದು ಗುಡ್ಡದ ಯಾವ ಮಗ್ಗುಲಲ್ಲಿ ಸಿಕ್ಕಿತ್ತೆಂದು ಮುದುಕರನ್ನು ಕೇಳಿ ಒಂದೊಂದಕ್ಕೂ ಓಲೆ ಕಟ್ಟಿದರು.

ಕೊನೆಗೆ ತಲೆಬುರುಡೆಗೆ ಓಲೆ ಬರೆಯಬೇಕಾಯಿತು. 'ಮೂಲಪುರುಷರು ಕೊಂದ ರಾಕ್ಷಸ' ಎಂದೇ ಬರೆಯಲಿ ಎಂದು ದೊರೆ ಹೇಳಿಕಳಿಸಿದ. ಹುಲುಗ ಒಪ್ಪಲಿಲ್ಲ. ತಾನು ಹೇಳಿದ್ದನ್ನೇ ಕರಣಿಕನ ಕೈಯಲ್ಲಿ ಬರೆಸಿದ. ಮರುದಿನ ಕೆಂಚರಾಯ ಬಂದು ಬಗ್ಗಿ ಓದಿದ, ಹೊರಟುಹೋದ.

ಓಲೆಯಲ್ಲಿ ಹೀಗಿತ್ತು: 'ಕಡಲಹಸು. ಹುಲ್ಲು ತಿಂದು ಬದುಕಿತ್ತು. ಯಾರ ತಲೆಯನ್ನೂ ತೆಗೆದಿರಲಿಲ್ಲ.'