ಬಿಸಿಲಿಗಿಟ್ಟ ಕಡಲಕಲ್ಲು

ಮಠಕ್ಕೆ ಹೊಸದಾಗಿ ಸೇರಿದ್ದ ಗುರುಪಾದನೆಂಬ ಶಿಷ್ಯ ತನ್ನ ಗುರುಗಳನ್ನು ಕೇಳಿದ: “ಬುದ್ಧಿ, ಕಣ್ಣು ಮುಚ್ಚಿ ಕುಂತ್ರ ಮನೀನೇ ಕಾಣತದ. ಧ್ಯಾನ ಕೆಡತದ. ಈ ನೆನಪನ್ನ ಬೇರುಸಹಿತ ಕೀಳೂದು ಹೆಂಗ? ನಾಳೆ ಅವ್ವ ನೋಡಾಕ ಬರತಾಳಂತ. ಬರಬ್ಯಾಡ ಅಂತ ಹೇಳಿ ಕಳಸಲೇನು?”

ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯಲ್ಲಿ ಹುಟ್ಟಿದ ಒಬ್ಬ ಬಟ್ಟೆ ವ್ಯಾಪಾರಿ ಬಯಲುಸೀಮೆಯ ಪೇಟೆಯೊಂದರಲ್ಲಿ ನೆಲೆ ನಿಂತಿದ್ದ. ವ್ಯಾಪಾರ ಕೈ ಹಿಡಿದಿತ್ತು. ಹೆಂಡತಿ ಆ ಸೀಮೆಯವಳೇ, ಮಕ್ಕಳಿಗೆ ರೊಟ್ಟಿಯೇ ಊಟ. ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಸಂಜೆ ಅಂಗಡಿಯ ಕದ ಎಳೆಯುವ ಹೊತ್ತಿಗೆ ಅವನಿಗೆ ಕಡಲು ನೆನಪಾಗಿ ಎದೆ ಭಾರವಾಗುತ್ತಿತ್ತು. ನೀರಿಗೆ ಯಾರಾದರೂ ಅಳುತ್ತಾರೆಯೇ ಎಂದು ಮನೆಯವರು ನಗುತ್ತಾರೆಂದು ಸುಮ್ಮನಿರುತ್ತಿದ್ದ.

ಒಮ್ಮೆ ಹುಟ್ಟೂರಿಗೆ ಹೋದ. ಚಿಕ್ಕವನಿದ್ದಾಗ ಅಮ್ಮನ ಹಿಂದೆ ಹೋಗಿ ಪಚ್ಚಿಲೆ ಚಿಪ್ಪು ಕೀಳುತ್ತಿದ್ದ ಬಂಡೆಗಳ ಮೇಲೆ ತಡೆಗೋಡೆಯ ಕಲ್ಲು ಸುರಿದು ಮುಗಿದಿತ್ತು. ಅಂಚಿನಲ್ಲಿ ಹಳೆಯ ಬಂಡೆಯ ಒಂದು ತುಂಡು ಮಾತ್ರ ಉಳಿದಿತ್ತು, ತೆಂಗಿನಕಾಯಿ ಗಾತ್ರದ್ದು. ಅದನ್ನು ಕಡಲ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ.

ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಡಿಸಿದ. ಉಪ್ಪುನೀರು ತುಂಬಿ ಕಲ್ಲನ್ನು ಇಳಿಬಿಟ್ಟ. ನೀರು ಹದಕ್ಕೆ ಬಂದ ಮೇಲೆ, ಸಾಕುವ ಮೀನು ಮಾರುವ ಮೀನಿನಂಗಡಿಯವನು ಎರಡು ಪಟ್ಟೆಮೀನು, ಜೀವಂತ ಹವಳದ ಒಂದು ಚಿಗುರು ಕೊಟ್ಟ. ಹವಳ ಬಾಯಿ ಬಿಚ್ಚಿದ ದಿನ ವ್ಯಾಪಾರಿ ಅಂಗಡಿಗೇ ಹೋಗಲಿಲ್ಲ. ತೊಟ್ಟಿಯ ಮೇಲೆ ಬಾಗಿ ಉಸಿರೆಳೆದರೆ ಅದೇ ಕಡಲ ವಾಸನೆ. ಅಮ್ಮ ದಂಡೆಯಿಂದ ಕೂಗಿದಂತಾಗಿ ಕಣ್ಣು ತುಂಬಿ ಬಂತು.

ಕೆಲವು ದಿನ ಕಳೆಯಿತು. ಕಲ್ಲಿನ ಮೇಲೆ ಹೂವಿನಂಥ ಒಂದು ಜೀವ ಅರಳಿತು. ಅವನು ಹಿಗ್ಗಿದ. ಅದು ಪಕ್ಕದ ಹವಳವನ್ನು ಕುಟುಕಿತು, ಹವಳ ಮುದುಡಿತು. ಚಿಮಟದಿಂದ ಕಿತ್ತ. ಹರಿದ ಒಂದೊಂದು ಚೂರಿನಿಂದಲೂ ಒಂದೊಂದು ಹೂ ಎದ್ದಿತು. ಸಂದಿಯಿಂದ ರೋಮದ ಹುಳವೊಂದು ಬೇರೆ ಇಣುಕಿತು. ವ್ಯಾಪಾರಿಗೆ ತಲೆ ಕೆಟ್ಟುಹೋಯಿತು. ಹವಳ ಸಾಯುವುದಕ್ಕಿಂತ, ತನ್ನೂರಿನ ಕಲ್ಲೇ ತನಗೆ ಕೈಕೊಟ್ಟಿತೆಂಬುದು ಅವನನ್ನು ಹೆಚ್ಚು ನೋಯಿಸಿತು.

“ಕಾಳಿಗೆ ಹುಳ ಬಿದ್ರ ಏನ ಮಾಡತೀವ್ರಿ? ಮಾಳಗಿ ಮ್ಯಾಲ ಬಿಸಿಲಿಗೆ ಹಾಕತೀವಿ” ಎಂದಳು ಹೆಂಡತಿ.

ಬಯಲುಸೀಮೆಯಲ್ಲಿ ಅದು ಎಲ್ಲದಕ್ಕೂ ಮದ್ದು. ಜೋಳಕ್ಕೂ ಸರಿ, ಹಾಸಿಗೆಗೂ ಸರಿ. ಅವನಿಗೂ ಸರಿಯೆನಿಸಿತು. ಕಲ್ಲನ್ನು ತೆಗೆದು, ತಿಕ್ಕಿ ತೊಳೆದು, ಮಾಳಿಗೆಯ ಮೇಲೆ ಜೋಳದ ಪಕ್ಕದಲ್ಲಿಟ್ಟ. ಆ ಕಡೆಯ ಬಿಸಿಲು ಗೊತ್ತಲ್ಲ, ಕಲ್ಲು ಬೆಳ್ಳಗಾಯಿತು. ಒಂದು ಹುಳವೂ ಉಳಿಯಲಿಲ್ಲ. ಅದನ್ನು ತಿರುಗಿ ತೊಟ್ಟಿಗಿಳಿಸಿ, ಗೆದ್ದೆನೆಂದು ಅವನು ಹೊಟ್ಟೆ ತುಂಬ ಉಂಡ.

ಆದರೆ ನೀರು ಹಾಲು ಬೆರೆಸಿದಂತೆ ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಮೀನಿನಂಗಡಿಯವನನ್ನು ಕರೆತರುವಷ್ಟರಲ್ಲಿ ಎರಡೂ ಸತ್ತು ತೇಲುತ್ತಿದ್ದವು. ಹವಳ ಲೋಳೆಯಾಗಿತ್ತು.

“ಹುಳವನ್ನೆಲ್ಲ ಕೊಂದೆನಲ್ಲ ಮಾರಾಯ, ನೀರು ಯಾಕೆ ಹಾಳಾದ್ದು?” ಎಂದ ವ್ಯಾಪಾರಿ.

“ನೀರು ಕಾಯತಿದ್ದದ್ದು ಆ ಕಲ್ಲಿನೊಳಗಿನ ಜೀವರೀ, ಸಾವಕಾರ್ರ. ಕಣ್ಣಿಗೆ ಕಾಣೂದಿಲ್ಲ. ಹೊಲಸು ತಿಂದು ನೀರು ಹಸನ ಇಡತಿತ್ತು. ಹುಳದ ಜೋಡಿ ಬಂದಿತ್ತು, ಹುಳದ ಜೋಡೀನ ಹೋತು. ಆ ಹೂವಿನ ಬಾಯಿಗೆ ನೀವು ಎಲಿಗೆ ಹಚ್ಚೂ ಸುಣ್ಣ ಒಂದೀಟು ಮೆತ್ತಿದ್ರ ಸಾಕಾಗತಿತ್ತು, ಅದೊಂದ ಸಾಯತಿತ್ತು” ಎಂದ ಅಂಗಡಿಯವನು.

ವ್ಯಾಪಾರಿ ಕಲ್ಲನ್ನೆತ್ತಿ ಮೂಗಿಗೆ ಹಿಡಿದ. ಕೊಳೆತ ನೀರಿನ ನಾತ ಬಂತು, ಕಡಲು ಬರಲಿಲ್ಲ. ಇನ್ನೊಂದು ಕಲ್ಲು ತರೋಣವೆಂದರೆ ಆ ಬಂಡೆಗಳು ಗೋಡೆಯಡಿ ಹೂತುಹೋಗಿದ್ದವು. ತೊಟ್ಟಿಯ ಮುಂದೆ ಕುಳಿತು ಅತ್ತ. ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ಕೈಜೋಡಿಸಿ ಕುಳಿತೇ ಇದ್ದ.

“ಹಂಗಾರ ಅವ್ವಗ ಏನಂತ ಹೇಳಿ ಕಳಸಲಿ, ಬುದ್ಧಿ?”

ಗುರುಗಳು ಅವನ ಕೈಗಳನ್ನೇ ನೋಡುತ್ತ ಅಂದರು: “ನಿನಗ ಈ ಕೈ ಜೋಡಸೂದನ್ನ ಮೊದಲ ಕಲಿಸಿದವರು ಯಾರಪಾ?”